ಹಲಗೆ ಬಂತು, ಊರಿನ ಹೆಸರು ಬರಲಿಲ್ಲ

ಡಿಸೆಂಬರ್ ಕೊನೆಯ ವಾರ ಸಕಲೇಶಪುರದ ಕಡೆ ಬರುವ ಕಾರುಗಳನ್ನು ಎಣಿಸುವುದೇ ನಮಗೊಂದು ಸುದ್ದಿ. ಪ್ರತಿ ವರ್ಷ "ಹೋಂಸ್ಟೇಗಳು ಭರ್ತಿ" ಎಂದು ಬರೆದು ಕಳಿಸುತ್ತೇವೆ. ಪೇಪರಿನವರು ಎರಡು ಕಾಲಂ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಕಳೆದ ಸಲ ಅದೇ ಸುದ್ದಿಗೆಂದು ಹೋದ ಒಂದು ಹೋಂಸ್ಟೇಯಲ್ಲಿ ಕಂಡದ್ದು ಆ ಎರಡು ಕಾಲಂನಲ್ಲಿ ಹಿಡಿಸಲಿಲ್ಲ. ಆ ಹೋಂಸ್ಟೇಯ ಹೆಸರು ಬೇಡ. ಬರೆದರೆ ಅವರೊಬ್ಬರದೇ ತಪ್ಪು ಎಂದಾಗುತ್ತದೆ, ಆದರೆ ವಿಷಯ ಅವರೊಬ್ಬರದಲ್ಲ.

ಸಂಜೆ ಆರರ ಹೊತ್ತು. ಅಂಗಳದಲ್ಲಿ ಬೆಂಕಿ ಹಾಕಿ ಸುತ್ತ ಕುರ್ಚಿ ಇಟ್ಟಿದ್ದರು. ನಡುವೆ ಹಲಸಿನ ಮರದ ಒಂದು ಹಲಗೆ. ಅದರ ಮೇಲೆ ಹಳದಿ ತುಂಡು, ಬಿಳಿ ತುಂಡು, ದ್ರಾಕ್ಷಿ, ಗೋಡಂಬಿ, ಉಪ್ಪು ಬಿಸ್ಕತ್ತು. ಇದಕ್ಕೆ ಚೀಸ್ ಬೋರ್ಡ್ ಎನ್ನುತ್ತಾರೆ, ಹೊಸ ವರ್ಷದ ಪ್ಯಾಕೇಜಿನಲ್ಲಿ ಸೇರಿಸಿದ್ದರು. ಹಂಚುತ್ತಿದ್ದವನು ನಮ್ಮ ಪಕ್ಕದೂರಿನ ಹುಡುಗ. ಅವನ ಮನೆಯಲ್ಲಿ ಮೂರು ಎಚ್‌ಎಫ್ ಹಸು, ಎರಡು ಹೊತ್ತೂ ಡೈರಿಗೆ ಹಾಲು.

ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಬಿಳಿ ತುಂಡು ಎತ್ತಿ, "ಇದು ಯಾವ ಚೀಸ್?" ಎಂದು ಕೇಳಿದರು.

"ಚೀಸ್ ಸಾರ್."

"ಅದು ಸರಿ ಕಣಪ್ಪ, ಎಲ್ಲಿಯದು?"

"ಫ್ರಿಜ್ಜಿಂದ ತಂದೆ ಸಾರ್."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಮಗೆ ನಗು ಬರಲಿಲ್ಲ. ಆ ಅತಿಥಿ ತಪ್ಪು ಕೇಳಿರಲಿಲ್ಲ. ಚೀಸ್ ಬೋರ್ಡ್ ಮುಂದೆ ಕೂತವರು ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಕೊಡಬೇಕಾದವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಅಡುಗೆಮನೆಗೆ ಹೋಗಿ ಪೊಟ್ಟಣ ನೋಡಿದೆವು. ಹಳದಿಯದು ಅಂಗಡಿಯ ಮಾಮೂಲಿ ಪ್ರೊಸೆಸ್ಡ್ ಚೀಸ್, ಹಾಲಿನದೇ. ಬಿಳಿಯದರ ದೊಡ್ಡ ಪೊಟ್ಟಣದ ಮುಂಭಾಗದಲ್ಲಿ ಪಿಜ್ಜಾದ ಚಿತ್ರ, ಹಿಂಭಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಅನಲಾಗ್" ಎಂಬ ಇಂಗ್ಲಿಷ್ ಪದ, ಕೆಳಗೆ ತಾಳೆ ಎಣ್ಣೆ, ಪಿಷ್ಟ. ಅಂದರೆ ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬಂದ ಹುಡುಗ, ಸಂಜೆ ಆರಕ್ಕೆ ಎಣ್ಣೆಯ ತುಂಡನ್ನು ಹಾಲಿನದೆಂದು ಹಂಚುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ.

ಮರುದಿನ ಡೈರಿ ಜಗಲಿಯಲ್ಲಿ ಈ ಮಾತು ಎತ್ತಿದೆವು. ಹಿರಿಯರೊಬ್ಬರು, "ಕೊಳೆತ ಹಾಲು ತಿನ್ನಕ್ಕೆ ಇಷ್ಟು ದುಡ್ಡು ಕೊಡ್ತಾರಾ, ತಿನ್ನಲಿ ಬಿಡ್ರಪ್ಪ" ಎಂದರು. ಇನ್ನೊಬ್ಬರು, "ಎಲ್ಲಾ ಪ್ಯಾಟೆಯವರ ಷೋಕಿ" ಎಂದರು. ಹಾಲು ಒಡೆದರೆ ಮನೆಗೆ ಆಗಿಬರಲ್ಲ ಎನ್ನುವ ಅಜ್ಜಿಯೂ ಅಲ್ಲೇ ಇದ್ದರು. ಮೂವರ ಮೇಲೂ ನಮಗೆ ಗೌರವವಿದೆ. ಆದರೆ ಇದು ಪೇಟೆಯ ಷೋಕಿ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಹಲಗೆಯ ಮೇಲಿನ ಚೀಸ್‌ನ ಬೇರು ಇರುವುದು ಹಳ್ಳಿಯಲ್ಲಿ.

ಫ್ರಾನ್ಸಿನಲ್ಲಿ ಊಟ ಮುಗಿದು ಸಿಹಿ ಬರುವ ಮೊದಲು ಈ ಹಲಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ರಾತ್ರಿ ಅದರ ಮೇಲೆ ನೀಲಿ ಗೆರೆಯ ಸ್ಟಿಲ್ಟನ್ ಇರಬೇಕು. ಹಲಗೆಯ ಮೇಲಿನ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಚೆಡ್ಡಾರ್ ಇಂಗ್ಲೆಂಡಿನ ಒಂದು ಹಳ್ಳಿ. ಗೌಡಾ ಹಾಲೆಂಡಿನ ಒಂದು ಪೇಟೆ (ನಮ್ಮ ಗೌಡರಿಗೂ ಅದಕ್ಕೂ ಸಂಬಂಧವಿಲ್ಲ). ಕಾಮಂಬೇರ್, ರೋಕ್‌ಫೋರ್ ಫ್ರಾನ್ಸಿನ ಹಳ್ಳಿಗಳು. ಅಲ್ಲಿ ಮನೆಗೆ ಬಂದ ನೆಂಟರ ಮುಂದೆ ಇಡುವುದು ಬರೀ ಒಡೆದ ಹಾಲನ್ನಲ್ಲ, ನಾಲ್ಕೈದು ಊರುಗಳ ಹೆಸರನ್ನು.

ಫ್ರಾನ್ಸಿನ ಪೂರ್ವದ ಜೂರಾ ಬೆಟ್ಟಗಳಲ್ಲಿ ಕೋಂತೆ ಎಂಬ ಚೀಸ್ ಮಾಡುತ್ತಾರೆ. ಒಂದೊಂದು ಗಾಡಿ ಚಕ್ರದಂತೆ ದುಂಡಗೆ, ಸುಮಾರು 40 ಕಿಲೋ. ಅಷ್ಟಕ್ಕೆ 400 ಲೀಟರ್ ಹಾಲು ಬೇಕು. ಯಾವ ಒಬ್ಬ ರೈತನ ಕೊಟ್ಟಿಗೆಯಲ್ಲೂ ಅಷ್ಟು ಹಾಲು ಇರುತ್ತಿರಲಿಲ್ಲ. ಹಾಗಾಗಿ ಊರಿನವರೆಲ್ಲ ಹಾಲು ಕೂಡಿಹಾಕಿ ಒಂದೇ ಕಡೆ ಕಾಯಿಸುತ್ತಿದ್ದರು. ಈ ಹಳ್ಳಿ ಸಂಘಗಳ ದಾಖಲೆ 13ನೇ ಶತಮಾನದಿಂದ ಸಿಗುತ್ತದೆ. ನಮ್ಮ ಡೈರಿ ಸಂಘದ ಅಣ್ಣ ಎಂದರೂ ಆದೀತು, ಮುತ್ತಜ್ಜ ಎಂದರೂ ಆದೀತು. 1958ರಲ್ಲಿ ಸರ್ಕಾರ ಆ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದಾದ ಮೇಲೆ ಆ ಬೆಟ್ಟದ ಹಾಲಲ್ಲದೆ ಬೇರೆ ಹಾಲಿನಲ್ಲಿ ಮಾಡಿದ್ದಕ್ಕೆ ಕೋಂತೆ ಎನ್ನುವಂತಿಲ್ಲ. ಇಂಥ ತಳಿಯ ಹಸುವೇ ಆಗಬೇಕು, ಹುಲ್ಲು ಮತ್ತು ಒಣಹುಲ್ಲು ಹಾಕಬೇಕು, ಸೈಲೇಜ್ ಹಾಕಬಾರದು, ಕನಿಷ್ಠ ನಾಲ್ಕು ತಿಂಗಳು ಮಾಗಿಸಬೇಕು. ಪ್ರತಿ ಚಕ್ರಕ್ಕೂ ಯಾವ ಡೈರಿಯದೆಂಬ ಗುರುತು ಅಂಟಿಸಿರುತ್ತಾರೆ. ಈ ಕಟ್ಟುನಿಟ್ಟಿನ ಫಲವಾಗಿ ಅಲ್ಲಿನ ರೈತನಿಗೆ ಫ್ರಾನ್ಸಿನ ಬೇರೆ ಕಡೆಯ ರೈತನಿಗಿಂತ ಹಾಲಿಗೆ ಹೆಚ್ಚು ದರ ಸಿಗುತ್ತದೆ.

ನಮ್ಮ ಡೈರಿಯಲ್ಲಿ ಏನಾಗುತ್ತದೆ? ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ, ಬಿಎಂಸಿಗೆ ಸುರಿಯುತ್ತಾರೆ, ಟ್ಯಾಂಕರ್ ಬರುತ್ತದೆ. ಹಾಲು ಊರಿನ ಗಡಿ ದಾಟುವ ಹೊತ್ತಿಗೆ ಊರಿನ ಹೆಸರು ಅಳಿಸಿಹೋಗಿರುತ್ತದೆ. ಒಕ್ಕೂಟವನ್ನು ದೂರುತ್ತಿಲ್ಲ. ದಿನಾ ಹಾಲು ಕೊಂಡು, ತಪ್ಪದೆ ಬಟವಾಡೆ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೆ ಹೆಸರಿಲ್ಲದ ಹಾಲಿಗೆ ಸಿಗುವುದು ಹೆಸರಿಲ್ಲದ ದರವೇ.

ಹೆಸರು ಹೋದರೆ ಏನಾಗುತ್ತದೆ ಎಂಬುದಕ್ಕೆ ಚೆಡ್ಡಾರ್ ನೋಡಿ. ಆ ಹೆಸರನ್ನು ಯಾರೂ ಕಾಯಲಿಲ್ಲ. ಇವತ್ತು ಅಮೆರಿಕದಲ್ಲೂ ಚೆಡ್ಡಾರ್, ಆಸ್ಟ್ರೇಲಿಯಾದಲ್ಲೂ ಚೆಡ್ಡಾರ್, ನಮ್ಮ ಚಿಪ್ಸ್ ಪೊಟ್ಟಣದ ಮೇಲೂ ಚೆಡ್ಡಾರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ಚೀಸ್‌ಗೆ ಸಿಗುತ್ತಿದ್ದ ಹಾಲಿನ ಬಹುಪಾಲನ್ನು ಒಂದೇ ಬಗೆಯ ಚೀಸ್‌ಗೆ ತಿರುಗಿಸಿತು, ಜನ ಅದನ್ನು ಸರ್ಕಾರಿ ಚೆಡ್ಡಾರ್ ಎಂದೇ ಕರೆದರು. ರೇಷನ್ ಮುಗಿಯುವ ಹೊತ್ತಿಗೆ ಹಳ್ಳಿ ಹಳ್ಳಿಯ ಎಷ್ಟೋ ಚೀಸ್‌ಗಳು ಕಾಣೆಯಾಗಿದ್ದವು. ಕಾನೂನು ಮಾಡಿದರೂ ಎಲ್ಲ ನೆಟ್ಟಗಾಗುತ್ತದೆ ಎಂದೇನಿಲ್ಲ. ಸ್ಟಿಲ್ಟನ್ ಚೀಸನ್ನು ಮೂರು ಜಿಲ್ಲೆಗಳಲ್ಲಿ ಮಾತ್ರ ಮಾಡಬಹುದು, ಸ್ಟಿಲ್ಟನ್ ಎಂಬ ಊರು ಆ ಮೂರರಲ್ಲಿ ಇಲ್ಲ! ಕಡತ ಬರೆಯುವವರು ಎಲ್ಲಾ ದೇಶದಲ್ಲೂ ಒಂದೇ ಥರ.

ಹೆಸರಿಗಾಗಿ ಜೈಲಿಗೆ ಹೋದವರೂ ಇದ್ದಾರೆ. ರೋಕ್‌ಫೋರ್ ಕುರಿ ಹಾಲಿನ ಚೀಸ್, ಆ ಹಳ್ಳಿಯ ಗುಹೆಗಳಲ್ಲೇ ಮಾಗಬೇಕು. 1925ರಲ್ಲೇ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತ್ತು. 1999ರಲ್ಲಿ ಹಾರ್ಮೋನ್ ಮಾಂಸದ ಜಗಳದಲ್ಲಿ ಅಮೆರಿಕ ಅದರ ಮೇಲೆ ನೂರಕ್ಕೆ ನೂರು ಸುಂಕ ಹಾಕಿತು. ಆಗ ಜೋಸೆ ಬೋವೆ ಎಂಬ ಕುರಿ ಸಾಕುವ ರೈತ ಮತ್ತು ಅವರ ಜೊತೆಗಾರರು ಮಿಯೊ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿ ಹಾಕಿದರು. ಬೋವೆ ಜೈಲು ಕಂಡರು. ಅದೇ ವರ್ಷ ಅದಕ್ಕೂ ಮೊದಲು ನಮ್ಮ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಜೊತೆ ಭಾರತದ ನೂರಾರು ರೈತರು ಯುರೋಪ್ ಸುತ್ತಿ ಬಂದಿದ್ದರು, ಅವರಲ್ಲಿ ರೈತ ಸಂಘದ ಹಸಿರು ಶಾಲಿನವರು ಬಹಳ ಮಂದಿ. ಬೋವೆ ಮತ್ತು ನಮ್ಮವರು ಒಂದೇ ಹೋರಾಟದ ಸಾಲಿನಲ್ಲಿ ನಿಂತವರು. ಚೀಸ್ ನಮಗೆ ಸಂಬಂಧಪಡದ ವಸ್ತು ಎನ್ನುವ ಹಿರಿಯರಿಗೆ ಇದನ್ನೊಮ್ಮೆ ನೆನಪಿಸಬೇಕೆನಿಸಿತು.

ಊರಿನ ಹೆಸರನ್ನು ಹಾಲಿಗೆ ಅಂಟಿಸುವ ವಿದ್ಯೆ ನಮಗೇನು ಹೊಸದಲ್ಲ. ಧಾರವಾಡ ಪೇಡ ಹಾಲಿನದೇ ತಾನೆ? ಅದಕ್ಕೆ ಭೌಗೋಳಿಕ ಸೂಚಿ ಸಿಕ್ಕಿದೆ. ಬೆಳಗಾವಿ ಕುಂದಾ ಎಂದರೆ ಯಾರಾದರೂ "ಫ್ರಿಜ್ಜಿಂದ" ಎನ್ನುತ್ತಾರೆಯೇ? ಚೀಸ್‌ನಲ್ಲೂ ಪಶ್ಚಿಮ ಬಂಗಾಳದ ಬಂಡೇಲ್, ಕಾಲಿಂಪಾಂಗ್ ಎರಡೂ ಊರಿನ ಹೆಸರೇ.

ಈಗ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಗಟ್ಟಿ ಚೀಸ್‌ಗೆ ಹೆಚ್ಚುಕಡಿಮೆ 10 ಲೀಟರ್ ಹಾಲು. ರೈತನಿಗೆ ಲೀಟರಿಗೆ 35 ರೂಪಾಯಿ ಎಂದೇ ಇಟ್ಟುಕೊಳ್ಳಿ (ಸರ್ಕಾರದ ಪ್ರೋತ್ಸಾಹಧನ ಬೇರೆ, ಅದು ಬಂದಾಗ ಬಂತು). ಹಾಲಿಗೇ 350 ರೂಪಾಯಿ ಆಯಿತು. ಕರೆಂಟು, ಕೂಲಿ, ಸಾಗಣೆ ಇನ್ನೂ ಸೇರಿಲ್ಲ. ಆ ಹೋಂಸ್ಟೇ ಮಾಲೀಕರು ಬಿಳಿಯದನ್ನು ಕಿಲೋಗೆ 220 ರೂಪಾಯಿಗೆ ತಂದಿದ್ದರು. "ಹೋಲ್‌ಸೇಲ್‌ನಲ್ಲಿ ಸಿಕ್ತು" ಎಂದು ಖುಷಿಯಿಂದಲೇ ಹೇಳಿದರು. ಹಾಲಿನ ದುಡ್ಡಿಗಿಂತ ಚೀಸ್ ಅಗ್ಗವಾದರೆ ಅದರೊಳಗೆ ಹಾಲು ಎಲ್ಲಿಂದ ಬರಬೇಕು?

ಎಣ್ಣೆಯ ಚೀಸ್ ವಿಷ ಎಂದು ನಾವು ಹೇಳುತ್ತಿಲ್ಲ. ವಾಟ್ಸಾಪ್‌ನಲ್ಲಿ ಹಾಗೆ ಹರಿದಾಡುವ ವಿಡಿಯೋಗಳನ್ನು ನಂಬಬೇಡಿ. ಅದನ್ನು ಮಾಡಲು, ಮಾರಲು ಅನುಮತಿ ಇದೆ. ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಹಾಲಿನ ಕೊಬ್ಬಿನ ಜಾಗದಲ್ಲಿ ಬೇರೆ ಎಣ್ಣೆ ಸೇರಿಸಿದ್ದನ್ನು ಚೀಸ್ ಎಂದಾಗಲಿ ಪನೀರ್ ಎಂದಾಗಲಿ ಮಾರುವಂತಿಲ್ಲ, ಅನಲಾಗ್ ಎಂದು ಪೊಟ್ಟಣದ ಮೇಲೆ ಹೇಳಬೇಕು. ಪೊಟ್ಟಣ ಸಣ್ಣ ಅಕ್ಷರದಲ್ಲಾದರೂ ಹೇಳುತ್ತದೆ. ಹಲಗೆಗೆ ಬಂದ ಮೇಲೆ ಆ ಅಕ್ಷರವೂ ಕಸದ ಬುಟ್ಟಿಗೆ. ಕೆಲವರು ಅಯೋಡಿನ್ ಹನಿ ಹಾಕಿ ನೋಡಿ ಎನ್ನುತ್ತಾರೆ. ಕಪ್ಪು ನೀಲಿಯಾದರೆ ಪಿಷ್ಟ ಸೇರಿಸಿದ್ದಾರೆ ಎಂದರ್ಥ, ನಿಜ. ಬಣ್ಣ ಬದಲಾಗದಿದ್ದರೆ ಎಣ್ಣೆ ಇಲ್ಲ ಎಂದು ಅರ್ಥವಲ್ಲ. ಪೊಟ್ಟಣ ಓದುವುದೇ ಸರಿಯಾದ ದಾರಿ, ಓದಲಾಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಹೋಂಸ್ಟೇ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಹಲಗೆ ಇಡಬೇಡಿ ಎನ್ನುವುದಿಲ್ಲ. ಸರಿಯಾಗಿ ಇಡಿ. ಹತ್ತು ಬಗೆ ಬೇಕಿಲ್ಲ, ಮೂರು ಸಾಕು: ಒಂದು ಮೆದು, ಒಂದು ಗಟ್ಟಿ, ಒಂದು ಖಾರವಾದದ್ದು ಅಥವಾ ಹೊಗೆ ಹಾಕಿದ್ದು. ಬೆಂಗಳೂರಿನಲ್ಲಿ ವಲ್ಲಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳು ಇಟಲಿಯ ರೀತಿಯಲ್ಲಿ ಮೊಝರೆಲ್ಲಾ ಮಾಡುತ್ತಾರೆ. ಕೊಡೈಕನಾಲ್, ಆರೋವಿಲ್ ಕಡೆಯದೂ ಬೆಂಗಳೂರಿನಲ್ಲಿ ಸಿಗುತ್ತದೆ. ಅಷ್ಟು ದೂರ ಆಗದಿದ್ದರೆ ನಂದಿನಿಯದೇ ಇಡಿ, ನಂದಿನಿ ಎಂದೇ ಹೇಳಿ, ಅದರಲ್ಲಿ ನಾಚಿಕೆ ಏನು? ಊಟದ ನಂತರವಾದರೆ ಒಬ್ಬರಿಗೆ 40 ಗ್ರಾಂ ಸಾಕು. ಗಟ್ಟಿಯದನ್ನು ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಡಿ, ತಣ್ಣಗಿದ್ದರೆ ರುಚಿಯೇ ಗೊತ್ತಾಗುವುದಿಲ್ಲ. ನೊಣಕ್ಕೆ ಬಟ್ಟೆ ಮುಚ್ಚಿ. ಒಂದೊಂದಕ್ಕೆ ಬೇರೆ ಚಾಕು ಇಡಿ.

ಸಸ್ಯಾಹಾರಿ ಅತಿಥಿಗಳಿಗೆ ಒಂದು ಮಾತು ಮೊದಲೇ ಹೇಳಬೇಕು. ಹೊರದೇಶದ ಹಳೆಯ ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ. ಹಸಿರು ಚುಕ್ಕೆ ನೋಡಿ ತನ್ನಿ.

ಉಪ್ಪು ಬಿಸ್ಕತ್ತಿನ ಜಾಗದಲ್ಲಿ ಕೆಂಡದ ಮೇಲೆ ಗರಿಗರಿ ಮಾಡಿದ ಅಕ್ಕಿ ರೊಟ್ಟಿ ಬರಲಿ. ದೂರದ ದ್ರಾಕ್ಷಿ ಯಾಕೆ, ಡಿಸೆಂಬರಿನಲ್ಲಿ ತೋಟದ ಕಿತ್ತಳೆ ಇರುತ್ತದಲ್ಲ. ಜೇನು ಇಡಿ, ಯುರೋಪಿನವರೂ ಉಪ್ಪಾದ ಚೀಸ್ ಜೊತೆ ಜೇನು ತಿನ್ನುತ್ತಾರೆ. ಪಕ್ಕದಲ್ಲಿ ಊರಿನ ಬೆಣ್ಣೆ ಒಂದು ಉಂಡೆ, ಯಾರ ಮನೆಯದೆಂದು ಚೀಟಿ ಬರೆದು ಚುಚ್ಚಿ, ಆ ಮನೆಯವರು ಕೇಳಿದ ಬೆಲೆ ಕೊಟ್ಟು ತನ್ನಿ. ಬೆಣ್ಣೆಯನ್ನು ಚೀಸ್ ಎನ್ನಬೇಡಿ, ಬೆಣ್ಣೆ ಎಂದೇ ಹೇಳಿ. ಅಗ್ಗದ ಅನಲಾಗ್ ಹಾಕಲೇಬೇಕೆಂದರೆ ಅದಕ್ಕೂ ಒಂದು ಚೀಟಿ ಇರಲಿ.

ಹಂಚುವ ಹುಡುಗರಿಗೆ ಹತ್ತು ನಿಮಿಷ ಕೂರಿಸಿ ಯಾವುದು ಎಲ್ಲಿಯದು ಎಂದು ಹೇಳಿಕೊಡಿ. ಹಾಲು ಕರೆಯುವ ಮನೆಯ ಮಕ್ಕಳಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಫ್ಯಾಟ್ ಎಷ್ಟು ಎಂದು ಕೇಳಿದರೆ ಅವರೇ ಅತಿಥಿಗಳಿಗೆ ಪಾಠ ಮಾಡಿಯಾರು.

ಇದೇ ಮಾತನ್ನು ಆ ಮಾಲೀಕರಿಗೂ ಹೇಳಿದೆವು. ಮೊದಲು ಮುಖ ಗಂಟಿಕ್ಕಿದರು, "ಪೇಪರಿಗೆ ಹಾಕ್ತೀರಾ?" ಎಂದರು. ಹಾಕಲಿಲ್ಲ. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಸಂಕ್ರಾಂತಿಗೆ ಇಪ್ಪತ್ತು ಜನ ಬರುತ್ತಾರಂತೆ, ಹಲಗೆಯ ಮೇಲೆ ಗಿಣ್ಣು ಇಡಬೇಕಂತೆ, ಡೈರಿಯಲ್ಲಿ ಹೇಳಿ ಎರಡು ಕಿಲೋ ಮಾಡಿಸಿ ಕೊಡುತ್ತೀರಾ ಎಂದು ಕೇಳಿದರು.

ಗಿಣ್ಣು ಹಾಲನ್ನು ಡೈರಿಯವರು ತೆಗೆದುಕೊಳ್ಳುವುದೇ ಇಲ್ಲ ಸಾರ್ ಎಂದೆವು. ಅದಕ್ಕೆ ಯಾರದಾದರೂ ಹಸು ಕರು ಹಾಕಬೇಕು, ಕರು ಕುಡಿದು ಉಳಿಯಬೇಕು. ಆ ಹುಡುಗನ ಮನೆಯ ಒಂದು ಹಸು ತುಂಬಿದ ಗಬ್ಬವಂತೆ. ಅವನನ್ನೇ ಕೇಳಿ ನೋಡಿ ಎಂದು ನಂಬರು ಕೊಟ್ಟೆವು.