ಮಂಡೇರಿಂಗ್: ನೀರು ಚಿನ್ನದ ಗಣಿಗೆ ಹೊರಟ ಊರು

ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟ, ಚಾಕೊಲೇಟ್ ಅಂಗಡಿ ಎಲ್ಲ ಮುಗಿಯಿತು, ಈ ಭಾನುವಾರ ಎಲ್ಲಿಗೆ ಎಂದು ಮಕ್ಕಳು ಕೇಳುತ್ತಿದ್ದಾರೆಯೇ? ಪೂರ್ವಕ್ಕೆ ಕಾಣುವ ಬೆಟ್ಟದ ಸಾಲು ಹತ್ತಿ. ಸುಮಾರು ಅರ್ಧ ಗಂಟೆಯಲ್ಲಿ ಮಂಡೇರಿಂಗ್ ಸಿಗುತ್ತದೆ. ಇದು ನೂಂಗಾರ್ ಜನರ ನೆಲ, ಊರಿನ ಹೆಸರೂ ಅವರ ಭಾಷೆಯದೇ. ಮೊದಲು ಅದನ್ನು ಮಕ್ಕಳಿಗೆ ಹೇಳಿ.

ಹೆದ್ದಾರಿ ಪಕ್ಕದಲ್ಲಿ ನಿಮ್ಮ ಜೊತೆಗೇ ಓಡುವ ದಪ್ಪ ಕೊಳವೆ ಕಂಡರೆ, ಕತೆ ಅಲ್ಲಿಂದಲೇ ಶುರು ಮಾಡಿ. 1892ರಲ್ಲಿ ಕೂಲ್‌ಗಾರ್ಡಿಯಲ್ಲಿ, 1893ರಲ್ಲಿ ಕಾಲ್ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಓಡಿದರು. ಚಿನ್ನವಿತ್ತು, ನೀರಿರಲಿಲ್ಲ. ಟೈಫಾಯ್ಡ್ ಹಬ್ಬಿತು. ಮಂಡೇರಿಂಗ್‌ನಲ್ಲಿ ಹೆಲೆನಾ ನದಿಗೆ ಅಣೆಕಟ್ಟು ಕಟ್ಟಿ, ಎಂಟು ಪಂಪಿಂಗ್ ಸ್ಟೇಷನ್‌ಗಳಿಂದ ಸುಮಾರು 560 ಕಿ.ಮೀ. ದೂರಕ್ಕೆ ನೀರನ್ನು ಏರಿಸುವ ಯೋಜನೆ ಮಾಡಿದವರು ಮುಖ್ಯ ಎಂಜಿನಿಯರ್ ಸಿ. ವೈ. ಓಕಾನರ್.

1903ರ ಜನವರಿ 24ರಂದು ಕಾಲ್ಗೂರ್ಲಿಯಲ್ಲಿ ನೀರು ಬಂತು. ನೋಡಲು ಓಕಾನರ್ ಇರಲಿಲ್ಲ. ಪತ್ರಿಕೆಗಳ, ರಾಜಕಾರಣಿಗಳ ಕಟು ಟೀಕೆಯ ನಡುವೆ, 1902ರ ಮಾರ್ಚ್‌ನಲ್ಲಿ ಅವರು ಪ್ರಾಣ ಕಳೆದುಕೊಂಡಿದ್ದರು. ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲವೆಂದು ಹಾಗೆ ಮಾಡಿಕೊಂಡರು ಎಂಬ ಮಾತು ಇಲ್ಲಿ ಚಾಲ್ತಿಯಲ್ಲಿದೆ. ಅದು ಸುಳ್ಳು, ದಿನಾಂಕಗಳೇ ಹೇಳುತ್ತವೆ.

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ಚಿಕ್ಕವರಿಗೆ, ಕೆಲಸ ಮುಗಿಯುವ ಮೊದಲೇ ತೀರಿಕೊಂಡರು ಎಂದರೆ ಸಾಕು. ಹೈಸ್ಕೂಲಿನವರಿಗೆ ನಿಜವನ್ನೇ ಹೇಳಿ. ಅವರ ಫೋನಿನಲ್ಲೂ ದಿನವೂ ಕಟು ಮಾತುಗಳು ಬರುತ್ತವೆ. 'ಮಾತು ಮನೆ ಕೆಡಿಸಿತು' ಎಂಬ ನಮ್ಮ ಗಾದೆಯನ್ನು ಮುಂದಿಟ್ಟು, ನಿನಗೆ ಹಾಗಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀಯ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.

ಕೆಜಿಎಫ್ ಎಂದರೆ ಸಿನಿಮಾ ಎಂದಷ್ಟೇ ಗೊತ್ತಿರುವ ಮಕ್ಕಳಿಗೆ ಇನ್ನೊಂದು ಕತೆಯಿದೆ. ಕೋಲಾರದ ಚಿನ್ನದ ಗಣಿಗೂ ಅದೇ ಕಾಲದಲ್ಲಿ ದೂರದಿಂದಲೇ ಶಕ್ತಿ ಬಂತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ತಂತಿಯಲ್ಲಿ ಅಲ್ಲಿಗೆ ತಲುಪಿತು. ಅದಕ್ಕಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಅವರೂ ನೋಡಲಿಲ್ಲ.

ಅಣೆಕಟ್ಟಿನ ಹತ್ತಿರ, ಮೊದಲನೇ ಪಂಪಿಂಗ್ ಸ್ಟೇಷನ್ನಿನಲ್ಲಿ ವಸ್ತುಸಂಗ್ರಹಾಲಯವಿದೆ. ತೆರೆದಿರುವ ದಿನ ನೋಡಿಕೊಂಡು ಹೋಗಿ. ಊರೊಳಗೆ ಶಿಲ್ಪಗಳ ಪಾರ್ಕ್ ಇದೆ, ಅಲ್ಲಿ ಬುತ್ತಿ ಬಿಚ್ಚಬಹುದು. ಮರಳುವಾಗ ಜಾನ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ ಹಳೇ ರೈಲು ಸುರಂಗದಲ್ಲಿ ನಡೆಯಿರಿ. 1890ರ ದಶಕದ್ದು, ಸುಮಾರು 340 ಮೀಟರ್ ಉದ್ದ, ಒಳಗೆ ಕಗ್ಗತ್ತಲೆ. ಟಾರ್ಚ್ ಮರೆಯಬೇಡಿ.

ನಮ್ಮ ಮಕ್ಕಳ ಕನ್ನಡ 'ಊಟ ಆಯ್ತಾ, ಹಲ್ಲುಜ್ಜು' ದಾಟುವುದೇ ಕಷ್ಟ. ಹೊಸಿಲು ದಾಟಿದರೆ ಇಂಗ್ಲಿಷ್. ಅಣೆಕಟ್ಟು, ಕೊಳವೆ, ಸುರಂಗ, ಕಣಿವೆ, ಕೋಡಿ: ಈ ಐದು ಮಾತು ಅಲ್ಲೇ, ಆಯಾ ವಸ್ತುವಿನ ಮುಂದೆ ನಿಂತು ಹೇಳಿಕೊಡಿ. ಸಂಜೆ ಅಜ್ಜಿಗೆ ಫೋನ್ ಮಾಡಿದಾಗ ನೀವು ಬಾಯಿ ಹಾಕಬೇಡಿ, ಕತೆಯನ್ನು ಮಗುವೇ ಹೇಳಲಿ. ತಡವರಿಸಿದರೂ ಪರವಾಗಿಲ್ಲ. ಅಜ್ಜಿಗೆ ಕೇಳುವ ತಾಳ್ಮೆ ಇದೆ.