ಹಂಚುವ ಫೋಲ್ಡರಿಗೂ ಚಿಲಕ ಬೇಕು

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ಅದಕ್ಕೆ ಲಿನಕ್ಸ್ ಹಾಕಿ, ಮದುವೆ ಫೋಟೋ, ಮಕ್ಕಳ ನೋಟ್ಸ್, ಹೊಲಿಗೆಯ ಲೆಕ್ಕ ಎಲ್ಲವನ್ನೂ ಅದರಲ್ಲಿಡಬಹುದು. ಲಿನಕ್ಸ್ ಎಂದರೆ ಹೆದರಬೇಕಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಸುಲ್ತಾನ್ ಬತ್ತೇರಿಗೆ ಹೋದರೆ ಅಲ್ಲಿನ ಸರಕಾರಿ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಅಷ್ಟೇ.

ಆ ಕಂಪ್ಯೂಟರಿನ ಫೋಲ್ಡರನ್ನು ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ತೆರೆಯುವಂತೆ ಮಾಡುವ ತಂತ್ರಾಂಶದ ಹೆಸರು ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಇದನ್ನು ಬರೆಯತೊಡಗಿದ್ದು 1991ರ ಕೊನೆಯಲ್ಲಿ. ವಿಂಡೋಸ್ ಫೈಲು ಹಂಚಲು ಬಳಸುವ ವಿಧಾನಕ್ಕೆ ಎಸ್‌ಎಂಬಿ ಎನ್ನುತ್ತಾರೆ. ಆ ಮೂರು ಅಕ್ಷರವಿರುವ ಪದ ಹುಡುಕಿದಾಗ ಸಿಕ್ಕಿದ್ದು ಈ ಹೆಸರು. ನಮ್ಮ ಸಾಂಬಾರಿಗೂ ಇದಕ್ಕೂ ನಂಟಿಲ್ಲ!

ಸಾಂಬಾ ಹಾಕಿಕೊಂಡು, ಅದರ ಸೆಟ್ಟಿಂಗ್ ಫೈಲಿನಲ್ಲಿ ಫೋಲ್ಡರ್ ಎಲ್ಲಿದೆ, ಯಾರು ತೆರೆಯಬಹುದು ಎಂದು ಬರೆದರೆ ಅರ್ಧ ಕೆಲಸ ಮುಗಿಯಿತು. ತೊಡಕು ಬರುವುದು ಆಮೇಲೆ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಎನ್ನುತ್ತದೆಯೇ? ಲಿನಕ್ಸಿನ ಪಾಸ್‌ವರ್ಡ್ ಬೇರೆ, ಸಾಂಬಾದ್ದು ಬೇರೆ. ಎರಡನೆಯದನ್ನು ಪ್ರತ್ಯೇಕವಾಗಿ ಕೊಡಬೇಕು. ಫೋಲ್ಡರ್ ತೆರೆಯುತ್ತದೆ, ಫೈಲು ಉಳಿಸಲಾಗುವುದಿಲ್ಲ ಎಂದಾದರೆ ಲಿನಕ್ಸಿನಲ್ಲಿ ಆ ಫೋಲ್ಡರಿಗೆ ಬರೆಯುವ ಅನುಮತಿ ಇದೆಯೇ ನೋಡಿ. ಏನೂ ಕಾಣದಿದ್ದರೆ ಫೈರ್‌ವಾಲ್ ತಡೆದಿರಬಹುದು. ತೀರಾ ಹಳೆಯ ಟಿ.ವಿ. ಅಥವಾ ವಿಂಡೋಸ್ ಎಕ್ಸ್‌ಪಿ ಆದರೆ ಕಾರಣ ಬೇರೆ: 2019ರಿಂದ ಸಾಂಬಾ ಹಳೆಯ ಎಸ್‌ಎಂಬಿ ವಿಧಾನವನ್ನು ತಾನಾಗಿ ಒಪ್ಪುವುದಿಲ್ಲ. ಸೆಟ್ಟಿಂಗ್ ಫೈಲಿನ ಅಕ್ಷರದೋಷವನ್ನು 'ಟೆಸ್ಟ್‌ಪಾರ್ಮ್' ಎಂಬ ಆಜ್ಞೆ ತೋರಿಸುತ್ತದೆ. ತಮ್ಮನೋ ಮಗನೋ ಬರಲಿ ಎಂದು ಕಾಯಬೇಡಿ, ಇಷ್ಟನ್ನು ನೀವೇ ನೋಡಬಹುದು.

ಬೇಸತ್ತವರಿಗೆ ಸಿಗುವ ಸಲಹೆ ಒಂದೇ: ಪಾಸ್‌ವರ್ಡ್ ತೆಗೆದು 'ಗೆಸ್ಟ್' ಎಂದು ಬಿಟ್ಟುಬಿಡಿ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ನಿಮ್ಮ ವೈಫೈ ಪಾಸ್‌ವರ್ಡ್ ಪಕ್ಕದ ಮನೆಯ ಹುಡುಗನಿಗೂ ಗೊತ್ತು, ಹಬ್ಬಕ್ಕೆ ಬಂದ ನೆಂಟರಿಗೂ ಗೊತ್ತು. ಅವರೆಲ್ಲ ನಿಮ್ಮ ಮಗಳ ಮೆಹಂದಿ ಫೋಟೋಗಳನ್ನು ತೆರೆಯಬಹುದು, ನಕಲು ಮಾಡಬಹುದು, ಬರೆಯುವ ಅನುಮತಿಯಿದ್ದರೆ ಅಳಿಸಲೂಬಹುದು.

ಇನ್ನೊಂದು ಆಸೆಯೂ ಹುಟ್ಟುತ್ತದೆ. ಅಕ್ಕ ಚಾಮರಾಜನಗರದಲ್ಲಿ, ತಂಗಿ ಗುಂಡ್ಲುಪೇಟೆಯಲ್ಲಿ. ಸುಮಾರು 35 ಕಿ.ಮೀ. ದೂರ. ಅಲ್ಲಿಗೂ ಈ ಫೋಲ್ಡರ್ ಕಾಣಬಾರದೇಕೆ? ರೂಟರಿನಲ್ಲಿ 445ನೇ ಪೋರ್ಟ್ ತೆರೆದರಾಯಿತು ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. 2017ರ ಮೇ ತಿಂಗಳಲ್ಲಿ ಆಸ್ಪತ್ರೆಗಳನ್ನೂ ಬಿಡದೆ ಕಾಡಿದ ವಾನಾಕ್ರೈ, ವಿಂಡೋಸ್‌ನ ಎಸ್‌ಎಂಬಿಯಲ್ಲಿದ್ದ ದೋಷದಿಂದಲೇ ಹರಡಿತು. ಅದೇ ತಿಂಗಳು ಸಾಂಬಾದಲ್ಲೂ ಗಂಭೀರ ದೋಷವೊಂದು ಬಯಲಾಗಿ, ತುರ್ತಾಗಿ ಸರಿಪಡಿಸಬೇಕಾಯಿತು. ದೂರದವರಿಗೆ ವಿಪಿಎನ್ ಎಂಬ ಸುರಕ್ಷಿತ ದಾರಿಯಿದೆ. ಅದು ಕಷ್ಟವೆನಿಸಿದರೆ ಪೆನ್‌ಡ್ರೈವಿಗೆ ಹಾಕಿ, ಆ ಊರಿಗೆ ಹೋಗುವ ಮನೆಯವರ ಕೈಯಲ್ಲೇ ಕಳಿಸಿ.