‘ಕೆಮಿಕಲ್ ಫ್ರೀ’ ಎಂದು ಬರೆದಿದ್ದರೆ ಸೂಕ್ಷ್ಮ ಚರ್ಮಕ್ಕೆ ಆಗಿಬರುತ್ತದೆಯೇ?

“ಕೆಮಿಕಲ್ ಇರುವ ಕ್ರೀಮ್ ಬಿಡಿ, ಮುಖಕ್ಕೆ ನಿಂಬೆರಸ ಹಚ್ಚಿ.” “ಲಿಪ್‌ಸ್ಟಿಕ್ ಮೇಲೆ ಚಿನ್ನದ ಉಂಗುರ ಉಜ್ಜಿ, ಕಪ್ಪಾದರೆ ಅದರಲ್ಲಿ ಸೀಸ ಇದೆ.” ಮದುವೆ ಸೀಸನ್ ಬಂತೆಂದರೆ ಇಂಥ ಮೆಸೇಜ್‌ಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಮತ್ತೆ ಓಡಾಡತೊಡಗುತ್ತವೆ.

ಉಂಗುರದ ವಿಷಯ ಬೇಗ ಮುಗಿಸೋಣ. ಚಿನ್ನ ಸೀಸವನ್ನು ಪತ್ತೆಹಚ್ಚುವುದಿಲ್ಲ. ಲೋಹವನ್ನು ಮೇಣದಂಥ ವಸ್ತುವಿನ ಮೇಲೆ ಉಜ್ಜಿದರೆ ಸೀಸ ಇರಲಿ, ಇಲ್ಲದಿರಲಿ, ಕಪ್ಪು ಗೆರೆ ಮೂಡಬಹುದು. ಸೀಸ ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯವೇ ಬೇಕು.

ನಿಂಬೆರಸದ್ದು ಹಾಗಲ್ಲ, ಅದರಿಂದ ನಿಜವಾಗಿಯೂ ಮುಖ ಹಾಳಾಗುತ್ತದೆ. ನಮ್ಮ ಚರ್ಮದ ಮೇಲ್ಪದರದ ಪಿಎಚ್ ಸುಮಾರು 5. ನಿಂಬೆರಸದ್ದು ಸುಮಾರು 2. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಅಂದರೆ ಚರ್ಮಕ್ಕಿಂತ ಸಾವಿರ ಪಟ್ಟು ಆಮ್ಲೀಯವಾದದ್ದನ್ನು ಮುಖಕ್ಕೆ ಹಚ್ಚಿದಂತಾಯಿತು. ಜೊತೆಗೆ ನಿಂಬೆಯಲ್ಲಿ ಫ್ಯುರಾನೊಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂತಾಗಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು. ಬೆಳ್ಳಗಾಗಲು ಹಚ್ಚಿದ್ದರಿಂದ ಮುಖ ಕಪ್ಪಾಗುವುದು ಹೀಗೆ.

ಹಾಗಾದರೆ ಸೂಕ್ಷ್ಮ ಚರ್ಮದವರು ಏನನ್ನು ನಂಬಬೇಕು? ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ನಾವು ಎಲ್ಲವನ್ನೂ ‘ಅಲರ್ಜಿ’ ಎನ್ನುತ್ತೇವೆ, ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಉರಿ, ಚುರುಚುರು, ಬಿಗಿತ ಬಂದರೆ ಅದು ಸಾಮಾನ್ಯವಾಗಿ ಕೆರಳಿಕೆ. ಖಾರವಾದ ಫೇಸ್‌ವಾಶ್, ಸ್ಕ್ರಬ್, ನಿಂಬೆ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಯಾರ ಚರ್ಮಕ್ಕಾದರೂ ಆಗಬಹುದು, ಸೂಕ್ಷ್ಮ ಚರ್ಮದವರಿಗೆ ಬೇಗ ಆಗುತ್ತದೆ ಅಷ್ಟೆ.

ಕಾಂಟ್ಯಾಕ್ಟ್ ಅಲರ್ಜಿಯ ದಾರಿ ಬೇರೆ. ಅಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಒಂದು ವಸ್ತುವನ್ನು ಶತ್ರು ಎಂದು ಗುರುತಿಟ್ಟುಕೊಂಡಿರುತ್ತದೆ. ಹಾಗೆ ಗುರುತಿಡಲು ಕೆಲವು ವಾರ ಸಾಕಾಗಬಹುದು, ವರ್ಷಗಳೂ ಹಿಡಿಯಬಹುದು. ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. “ಹತ್ತು ವರ್ಷದಿಂದ ಇದೇ ಹಚ್ಚುತ್ತಿದ್ದೇನೆ, ಇದರಿಂದ ಆಗಿರಲಿಕ್ಕಿಲ್ಲ” ಎಂಬ ವಾದ ಇದಕ್ಕೇ ನಿಲ್ಲುವುದಿಲ್ಲ. ಇನ್ನೊಂದು ತೊಡಕೂ ಇದೆ. ಈ ಅಲರ್ಜಿ ಹಚ್ಚಿದ ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಕಳೆದ ಮೇಲೆ ತುರಿಕೆ, ಊತ, ನೀರುಗುಳ್ಳೆ ಏಳುತ್ತವೆ. ಭಾನುವಾರದ ಹೇರ್ ಡೈ ತಪ್ಪಿಸಿಕೊಂಡು, ಮಂಗಳವಾರ ಹಚ್ಚಿದ ಪೌಡರ್ ಸಿಕ್ಕಿಬೀಳುತ್ತದೆ.

ಈಗ ‘ನ್ಯಾಚುರಲ್’ ಎಂಬ ಮಾತಿಗೆ ಬರೋಣ. ಸೌಂದರ್ಯವರ್ಧಕಗಳಿಂದಾಗುವ ಅಲರ್ಜಿಯಲ್ಲಿ ದೊಡ್ಡ ಪಾಲು ಸುವಾಸನೆಯ ವಸ್ತುಗಳದ್ದು. ಅವುಗಳಲ್ಲಿ ಅನೇಕವು ಗಿಡಮೂಲಿಕೆಯಿಂದಲೇ ಬರುವಂಥವು. ಲವಂಗ, ತುಳಸಿಯಲ್ಲಿ ಯೂಜಿನಾಲ್. ಗುಲಾಬಿಯಲ್ಲಿ ಜೆರಾನಿಯೋಲ್. ಕಿತ್ತಳೆ ಸಿಪ್ಪೆಯಲ್ಲಿ ಲಿಮೊನೀನ್. ಲ್ಯಾವೆಂಡರ್‌ನಲ್ಲಿ ಲಿನಲೂಲ್. ಈ ನಾಲ್ಕೂ, 2003ರಲ್ಲಿ ಯುರೋಪ್ ಒಕ್ಕೂಟವು ಲೇಬಲ್ ಮೇಲೆ ಹೆಸರಿಸಿ ಬರೆಯಲೇಬೇಕೆಂದು ಪಟ್ಟಿ ಮಾಡಿದ 26 ಸುವಾಸನೆ ವಸ್ತುಗಳಲ್ಲಿವೆ. ಕೊನೆಯ ಎರಡು ಗಾಳಿಗೆ ತೆರೆದುಕೊಂಡು ಹಳತಾದಷ್ಟೂ ಅಲರ್ಜಿ ತರುವ ಸಾಧ್ಯತೆ ಹೆಚ್ಚು. ಹಾಗಾಗಿ ಮುಚ್ಚಳ ತೆಗೆದು ಎರಡು ವರ್ಷ ಬಚ್ಚಲುಮನೆಯಲ್ಲಿಟ್ಟ ‘ಹರ್ಬಲ್’ ಎಣ್ಣೆ, ತಂದ ದಿನದ ಎಣ್ಣೆಯಲ್ಲ. ಅಂದಹಾಗೆ, ‘ಕೆಮಿಕಲ್ ಫ್ರೀ’ ಎಂಬುದಕ್ಕೆ ಅರ್ಥವೇ ಇಲ್ಲ. ನೀರೂ ಕೆಮಿಕಲ್ಲೇ.

‘ಹೈಪೋಅಲರ್ಜೆನಿಕ್’ ಎಂಬ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಈ ಪದ ಬಳಸಬೇಕಾದರೆ ಪರೀಕ್ಷೆ ಮಾಡಿ ಸಾಬೀತುಪಡಿಸಿ ಎಂದು ಅಮೆರಿಕದ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು. ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ಆ ನಿಯಮ ರದ್ದಾಯಿತು. ಅಲ್ಲಿಂದೀಚೆಗೆ ಅಮೆರಿಕದಲ್ಲಿ ಈ ಪದಕ್ಕೆ ಕಂಪನಿ ಹೇಳಿದ್ದೇ ಅರ್ಥ. ‘ಅನ್‌ಸೆಂಟೆಡ್’ ಕೂಡ ಮೋಸದ ಪದ. ಮೂಲ ವಾಸನೆಯನ್ನು ಅಡಗಿಸಲು ಅದರಲ್ಲಿ ಬೇರೆ ಸುವಾಸನೆ ಸೇರಿಸಿರಬಹುದು. ನೀವು ಹುಡುಕಬೇಕಾದದ್ದು ‘ಫ್ರೇಗ್ರೆನ್ಸ್ ಫ್ರೀ’. ಅದನ್ನೂ ಡಬ್ಬಿ ತಿರುಗಿಸಿ, ಪದಾರ್ಥಗಳ ಪಟ್ಟಿಯಲ್ಲಿ ‘ಫ್ರೇಗ್ರೆನ್ಸ್’, ‘ಪರ್ಫ್ಯೂಮ್’ ಎಂಬ ಹೆಸರು ಇಲ್ಲ ಎಂದು ನೋಡಿಯೇ ಕೊಳ್ಳಿ.

ಪ್ಯಾರಾಬೆನ್ ವಿರುದ್ಧದ ಫಾರ್ವರ್ಡ್‌ಗಳನ್ನೂ ನೋಡಿರುತ್ತೀರಿ. ಪ್ಯಾರಾಬೆನ್ ಎಂದರೆ ಕ್ರೀಮ್ ಕೆಡದಂತೆ ಕಾಯುವ ವಸ್ತು. ಅದರ ಬಗ್ಗೆ ಬೇರೆ ಚರ್ಚೆಗಳಿವೆ, ಆದರೆ ಅಲರ್ಜಿಯ ಮಟ್ಟಿಗೆ ಅದು ಬಹುತೇಕ ನಿರಪರಾಧಿ. ಕಾಂಟ್ಯಾಕ್ಟ್ ಅಲರ್ಜಿಯನ್ನು ಅಧ್ಯಯನ ಮಾಡುವ ಅಮೆರಿಕದ ತಜ್ಞರ ಸಂಘ 2019ರಲ್ಲಿ ಅದನ್ನು ‘ವರ್ಷದ ಅಲರ್ಜಿಯಲ್ಲದ ವಸ್ತು’ ಎಂದು ಹೆಸರಿಸಿತು. ಜನ ಹೆದರಿದರೆಂದು ಕೆಲವು ಉತ್ಪನ್ನಗಳಲ್ಲಿ ಪ್ಯಾರಾಬೆನ್ ಬದಲು ಮೀಥೈಲ್‌ಐಸೋಥಯಜೋಲಿನೋನ್ ಸೇರಿತು. ಅದೇ ಸಂಘ 2013ರಲ್ಲಿ ಇದನ್ನು ‘ವರ್ಷದ ಅಲರ್ಜಿಕಾರಕ’ ಎಂದಿತ್ತು, ಮತ್ತು 2017ರಿಂದ ಯುರೋಪಿನಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮ್‌ಗಳಲ್ಲಿ ಅದಕ್ಕೆ ಜಾಗವಿಲ್ಲ. ಹೆಸರು ಉದ್ದ, ನೆನಪಿಟ್ಟುಕೊಳ್ಳುವುದು ಕಷ್ಟ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಮನೆಗಳಲ್ಲಿ ಮೇಕಪ್ ಎಂದೇ ಲೆಕ್ಕಕ್ಕೆ ಬಾರದ ವಸ್ತುಗಳೂ ಇವೆ. ಅರಿಶಿನ ಮತ್ತು ಸುಣ್ಣದಿಂದ ಮಾಡುತ್ತಿದ್ದ ಕುಂಕುಮದ ಜಾಗಕ್ಕೆ ಕೃತಕ ಬಣ್ಣದ ಪುಡಿ ಬಂದಿದೆ. ಅದರಿಂದ ಹಣೆಯಲ್ಲಿ ತುರಿಕೆ, ಕಪ್ಪು ಕಲೆ ಆಗುವುದನ್ನು ಚರ್ಮವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಇದ್ದರೆ ಬೊಟ್ಟಿನ ಜಾಗದಲ್ಲಿ ಬಿಳಿ ಮಚ್ಚೆ ಉಳಿಯಬಹುದು. ತೊನ್ನು ಎಂದು ಹೆದರಿ ಮನೆಯವರೆಲ್ಲ ಕಂಗಾಲಾಗುವ ಮೊದಲು ಬೊಟ್ಟು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ. ಕೆಂಪು ಬಣ್ಣದ ಗೋರಂಟಿ ಬಹುಮಟ್ಟಿಗೆ ಸುರಕ್ಷಿತ. ಕಡುಕಪ್ಪು ಬಣ್ಣ ಕೊಡುವ ‘ಬ್ಲ್ಯಾಕ್ ಮೆಹೆಂದಿ’ಯಲ್ಲಿ ಸಾಮಾನ್ಯವಾಗಿ ಪಿಪಿಡಿ ಇರುತ್ತದೆ, ಹೇರ್ ಡೈಯಲ್ಲಿರುವುದೂ ಅದೇ. ಮದುವೆಯ ಮೆಹೆಂದಿಯಲ್ಲಿ ಪಿಪಿಡಿಗೆ ಅಲರ್ಜಿ ಹತ್ತಿಸಿಕೊಂಡವರಿಗೆ ಮುಂದೆ ತಲೆಗೆ ಬಣ್ಣ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ‘ಬೆಳ್ಳಗಾಗುವ’ ಟ್ಯೂಬ್‌ಗಳ ಬಗ್ಗೆ ಎಚ್ಚರ. ಇವುಗಳಲ್ಲಿ ಅನೇಕದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ವಾರ ಮುಖ ಹೊಳೆಯುತ್ತದೆ, ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ಬಿಸಿಲು ಬಿದ್ದರೂ ಉರಿಯುವಂತಾಗುತ್ತದೆ. “ನನ್ನದು ಮೊದಲಿನಿಂದ ಸೆನ್ಸಿಟಿವ್ ಸ್ಕಿನ್” ಎನ್ನುವವರಲ್ಲಿ ಕೆಲವರಿಗೆ ಆ ಸೂಕ್ಷ್ಮತೆ ಬಂದದ್ದೇ ಟ್ಯೂಬಿನಿಂದ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಈಗಾಗಲೇ ಹಚ್ಚುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಮುಖ ಇನ್ನಷ್ಟು ಕೆರಳಬಹುದು. ವೈದ್ಯರನ್ನು ಕೇಳಿ ನಿಲ್ಲಿಸಿ.

ಹೊಸ ಕ್ರೀಮ್, ಫೌಂಡೇಶನ್ ಏನೇ ತಂದರೂ ನೇರ ಮುಖಕ್ಕೆ ಬೇಡ. ಮೊಳಕೈ ಮಡಿಕೆಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಒಂದೇ ದಿನ ಹಚ್ಚಿ “ಏನೂ ಆಗಲಿಲ್ಲ” ಎಂದರೆ ಸಾಲದು, ಅಲರ್ಜಿ ತಡವಾಗಿ ಬರುತ್ತದೆಂದು ಆಗಲೇ ಹೇಳಿದೆವಲ್ಲ. ಫೇಸ್‌ವಾಶ್ ಆದರೆ ಮುಖದ ಮೇಲೆ ಎಷ್ಟು ಹೊತ್ತು ಇರುತ್ತದೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಹೇರ್ ಡೈಗೆ ಈ ವಿಧಾನ ಬೇಡ, ಪೊಟ್ಟಣದಲ್ಲಿರುವ ಪರೀಕ್ಷೆಯ ಸೂಚನೆಯನ್ನೇ ಪ್ರತಿ ಸಲವೂ ಪಾಲಿಸಿ. ಒಂದು ಸಲಕ್ಕೆ ಒಂದೇ ಹೊಸ ವಸ್ತು ಶುರು ಮಾಡಿ. ಮದುವೆ ಹೆಣ್ಣಿಗೆ ಮೇಕಪ್ ಟ್ರಯಲ್ ಹಿಂದಿನ ದಿನ ಇಟ್ಟುಕೊಳ್ಳುವುದಕ್ಕಿಂತ ಮೂರು ವಾರ ಮುಂಚೆ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ತುರಿಕೆ ಮರುಕಳಿಸುತ್ತಿದ್ದರೆ ಚರ್ಮವೈದ್ಯರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ, 48 ಗಂಟೆಯ ನಂತರ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಹೋಗುವಾಗ ನೀವು ಬಳಸುವ ಕ್ರೀಮ್, ಕಾಜಲ್, ಶಾಂಪೂ, ಕೊಬ್ಬರಿ ಎಣ್ಣೆ, ಕುಂಕುಮದ ಭರಣಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕಣ್ಣು, ತುಟಿ ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಇದ್ಯಾವುದಕ್ಕೂ ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಿ.